ಬಳ್ಳಿಗಾವಿಯ ಮದ್ದಳೆಗಾರ, ಬಯಲಿನ ಅನುಭಾವಿ ಅಲ್ಲಮಪ್ರಭು

ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪಕ್ಕೆ ಅಂಟಿಕೊಂಡಂತೆಯೇ ಇರುವ ಊರು ಬಳ್ಳಿಗಾವಿ. ಇಂದು ಇದೊಂದು ಸಾಧಾರಣ ಹಳ್ಳಿ. ಕೇದಾರೇಶ್ವರ ಮತ್ತು ತ್ರಿಪುರಾಂತಕೇಶ್ವರ ದೇವಾಲಯಗಳನ್ನು ನೋಡಲು ಬರುವ ಪ್ರವಾಸಿಗರು ಗಂಡಭೇರುಂಡದ ಕಂಬದ ಎದುರು ಒಂದಿಷ್ಟು ನಿಂತು ಮರಳುತ್ತಾರೆ. ಆದರೆ ಒಂಬೈನೂರು ವರ್ಷಗಳ ಹಿಂದೆ ಇದು ಬನವಾಸಿ ಹನ್ನೆರಡು ಸಾವಿರ ಎಂಬ ಪ್ರಾಂತ್ಯದ ರಾಜಧಾನಿ. ಇಂದಿನ ಶಿಕಾರಿಪುರ, ಸೊರಬ ತಾಲ್ಲೂಕುಗಳೆರಡೂ ಆ ಪ್ರಾಂತ್ಯದ ಒಡಲಲ್ಲಿಯೇ ಇದ್ದವು. ಶೈವರು, ವೈಷ್ಣವರು, ಜೈನರು, ಬೌದ್ಧರು ಎಲ್ಲರಿಗೂ ಇಲ್ಲಿ ನೆಲೆಯಿತ್ತು. 1065ರಲ್ಲಿ ಚಾಲುಕ್ಯ ಸೋಮೇಶ್ವರನ ಅಧಿಕಾರಿ ರೂಪಭಟ್ಟಯ್ಯನು ಇಲ್ಲಿ ಬೌದ್ಧವಿಹಾರವೊಂದನ್ನು ಕಟ್ಟಿಸಿದನೆಂದು ಶಾಸನ ಹೇಳುತ್ತದೆ.

ಇದಕ್ಕಿಂತಲೂ ಕುತೂಹಲಕರವಾದುದು 1162ರ ಶಾಸನ. ಕಾಳಾಮುಖ ಯತಿಗಳ ಕೋಡಿಯ ಮಠವನ್ನು ಅದು ವರ್ಣಿಸುತ್ತದೆ. ಅಲ್ಲಿ ವೇದಗಳ ಅಧ್ಯಯನ ನಡೆಯುತ್ತಿತ್ತು. ಪಾಣಿನಿ, ಶಾಕಟಾಯನ ಮೊದಲಾದವರ ವ್ಯಾಕರಣಗಳ ಪಾಠವಿತ್ತು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳ ವ್ಯಾಖ್ಯಾನವಿತ್ತು. ಪತಂಜಲಿಯ ಯೋಗಶಾಸ್ತ್ರವೂ, ಹದಿನೆಂಟು ಪುರಾಣಗಳೂ, ಕಾವ್ಯನಾಟಕಗಳೂ ಇದ್ದವು. ಜೊತೆಗೆ ದೀನರಿಗೆ, ಅಂಧರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ಕುಣಿಯುವವರಿಗೆ, ಜೈನ ಕ್ಷಪಣಕರಿಗೆ ಅನ್ನವೂ, ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದವು. ಲೋಕದ ಬಗೆಗೆ ಯಾರು ಏನನ್ನು ಹೇಳಿದ್ದಾರೆ ಎಂಬುದನ್ನು ತಿಳಿಯಬೇಕಾದವನು ಆ ಕಾಲದಲ್ಲಿ ಬಳ್ಳಿಗಾವಿಗೆ ಬಂದರೆ ಸಾಕಿತ್ತು.

ಅಂತಹ ಊರಿನಲ್ಲಿಯೇ, ಹೇಳಿಕೆಗಳನ್ನೆಲ್ಲ ಬದಿಗಿರಿಸಿ ಕಂಡದ್ದನ್ನು ಕಂಡಹಾಗೆ ನೋಡಲು ಹೊರಟ ಒಬ್ಬ ಮನುಷ್ಯ ಹುಟ್ಟಿದ. ಅವನೇ ಅಲ್ಲಮ. ಮುಂದೆ ಕಲ್ಯಾಣದ ಶರಣರಿಗೆ ಪ್ರಭುದೇವ. ಅವನ ವಚನಗಳಲ್ಲಿ ಇಂದು ಸಾವಿರಕ್ಕೂ ಹೆಚ್ಚು ಉಳಿದಿವೆ. ಗುಹೇಶ್ವರ ಎಂಬುದು ಅವುಗಳ ಅಂಕಿತ.

ಅಲ್ಲಮನ ಬಾಳನ್ನು ಮೊದಲು ವಿವರವಾಗಿ ಬರೆದವನು ಹರಿಹರ. ಅವನ ಪ್ರಭುದೇವರ ರಗಳೆಯಲ್ಲಿ ಅಲ್ಲಮನು ಕಲಾವಿದರ ಮನೆಯ ಹುಡುಗನಾಗಿ ಕಾಣಿಸಿಕೊಳ್ಳುತ್ತಾನೆ. ತಂದೆ ದೇವಾಲಯದ ನೃತ್ಯಗಾನಗಳ ಮೇಳದ ಮುಖ್ಯಸ್ಥ. ಮಗನ ಕೈಗೆ ಬಂದದ್ದು ಮದ್ದಳೆ. ಕೋಡಿಯ ಮಠದ ಪಾಠಶಾಲೆಯೊಳಗೆ ಅವನಿಗೆ ಸ್ಥಾನವಿತ್ತೋ, ಹೊರಗಿನ ಅಂಗಳದಲ್ಲಿ ಊಟಕ್ಕೆ ಕುಳಿತ ಕಲಾವಿದರ ಸಾಲಿನಲ್ಲಿ ಸ್ಥಾನವಿತ್ತೋ ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಮುಂದೆ ಅವನ ವಚನಗಳಲ್ಲಿ ಎಲ್ಲ ದರ್ಶನಗಳ ಪರಿಭಾಷೆಯೂ ಸಲೀಸಾಗಿ ಸುಳಿಯುವುದನ್ನು ಗಮನಿಸಿದರೆ, ಎಲ್ಲಿಯೇ ಕುಳಿತಿರಲಿ, ಕಿವಿ ಮಾತ್ರ ತೆರೆದೇ ಇತ್ತೆಂದು ತೋರುತ್ತದೆ.

ಅಲ್ಲಮನು ಕಮಲತೆ ಎಂಬ ಚೆಲುವೆಯನ್ನು ಪ್ರೀತಿಸಿದ, ಮದುವೆಯಾದ. ಹೊಸ ದಾಂಪತ್ಯದ ಸುಖದಲ್ಲಿ ಇಬ್ಬರೂ ಲೋಕವನ್ನು ಮರೆತಿದ್ದರು. ಕಮಲತೆಗೆ ಇದ್ದಕ್ಕಿದ್ದಂತೆ ಜ್ವರ ಬಂತು. ಕೆಲವೇ ದಿನಗಳಲ್ಲಿ ಅವಳು ತೀರಿಕೊಂಡಳು. ಅಲ್ಲಮನು ಹುಚ್ಚನಂತಾದ. ಮದ್ದಳೆ ಮೂಲೆ ಸೇರಿತು. ಅವಳ ಹೆಸರನ್ನು ಕೂಗುತ್ತ, ಊಟ ನಿದ್ರೆಗಳ ಪರಿವೆಯಿಲ್ಲದೆ, ಊರಿನ ಹೊರಗಿನ ತೋಪುಗಳಲ್ಲಿ ಅಲೆಯತೊಡಗಿದ.

ಸಾವು ಎಂದರೇನು ಎಂಬ ಪ್ರಶ್ನೆಗೆ ಬಳ್ಳಿಗಾವಿಯಲ್ಲಿ ಉತ್ತರಗಳಿಗೇನೂ ಕೊರತೆ ಇರಲಿಲ್ಲ. ಆತ್ಮ ನಿತ್ಯ ಎನ್ನುವವರು, ಆತ್ಮವೇ ಇಲ್ಲ ಎನ್ನುವವರು, ಕರ್ಮದ ಲೆಕ್ಕ ಬಿಡಿಸಿ ತೋರಿಸುವವರು ಎಲ್ಲರೂ ಅಲ್ಲಿಯೇ ಇದ್ದರು. ಯಾವ ಉತ್ತರವೂ ಆ ತೋಪಿನವರೆಗೆ ಬರಲಿಲ್ಲ. ಕಮಲತೆ ಇಲ್ಲ ಎಂಬುದು ಅಲ್ಲಮನಿಗೆ ಒಂದು ಸಿದ್ಧಾಂತವಾಗಿರಲಿಲ್ಲ. ಪ್ರತಿಯೊಂದು ಮರದ ನೆರಳಿನಲ್ಲಿಯೂ ಅವಳ ಇಲ್ಲದಿರುವಿಕೆಯೇ ಎದ್ದು ಕಾಣುತ್ತಿತ್ತು.

ಹೂತ ಗುಡಿಯ ಬಾಗಿಲು

ಹೀಗೊಂದು ದಿನ ನಿರ್ಜನವಾದ ತೋಪಿನಲ್ಲಿ ಕುಳಿತು ಕಾಲಿನ ಉಗುರಿನಿಂದ ಸುಮ್ಮನೆ ನೆಲವನ್ನು ಗೀರುತ್ತಿದ್ದಾಗ ಮಣ್ಣಿನಲ್ಲಿ ಏನೋ ಹೊಳೆಯಿತು. ಕೆದಕಿ ನೋಡಿದರೆ ಹೊನ್ನಿನ ಕಳಶ! ನೆಲದೊಳಗೆ ಇಡೀ ದೇವಾಲಯವೇ ಹೂತುಹೋಗಿತ್ತು. ಅಗೆಸಿದಾಗ ಮುಚ್ಚಿದ ಬಾಗಿಲೊಂದು ಎದುರಾಯಿತು. ಮುಂದಾಗುವುದನ್ನು ಲೆಕ್ಕಿಸದೆ ಅಲ್ಲಮನು ಅದನ್ನು ಒದ್ದು ತೆರೆದ. ಒಳಗೆ ಯೋಗಿಯೊಬ್ಬ ಕುಳಿತಿದ್ದ. ಅಂಗೈಯಲ್ಲಿ ಲಿಂಗ, ಅದರಲ್ಲಿ ನೆಟ್ಟ ನೋಟ. ಅವನ ಹೆಸರು ಅನಿಮಿಷ, ಎಂದರೆ ರೆಪ್ಪೆ ಬಡಿಯದವನು. ಅಲ್ಲಮನು ಬೆರಗಾಗಿ ನಿಂತಿರುವಾಗಲೇ ಲಿಂಗವು ಅವನ ಕೈಗೆ ಬಂತು, ಅದೇ ಗಳಿಗೆಯಲ್ಲಿ ಅನಿಮಿಷನ ಪ್ರಾಣ ಹೋಯಿತು.

ಕನ್ನಡದ ಗುರುಶಿಷ್ಯರ ಕಥೆಗಳಲ್ಲಿ ಇದಕ್ಕಿಂತ ವಿಚಿತ್ರವಾದುದು ಸಿಗಲಾರದು. ಹರಿಹರನ ನಿರೂಪಣೆಯಲ್ಲಿ ಈ ಗುರು ಶಿಷ್ಯನಿಗೆ ಶಾಸ್ತ್ರವನ್ನು ಬೋಧಿಸಲಿಲ್ಲ, ವಾದ ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಶಿಷ್ಯನಿಗೆ ದೊರೆತದ್ದು ಒಂದು ನೋಟದ ಮಾದರಿ ಮಾತ್ರ. ಹೆಂಡತಿಯ ಸಾವಿನಿಂದ ಕಂಗೆಟ್ಟು ಬಂದವನ ಕಣ್ಣೆದುರು ಮತ್ತೊಂದು ಸಾವು ನಡೆದುಹೋಯಿತು. ಆದರೆ ಈ ಬಾರಿ ಅವನು ಕೂಗಲಿಲ್ಲ, ನೋಡಿದ. ಅಲ್ಲಿಂದ ಮುಂದಕ್ಕೆ ಅಲ್ಲಮನ ಬದುಕೆಲ್ಲ ಆ ನೋಟದ ಮುಂದುವರಿಕೆಯೇ ಆಯಿತು.

ತೋರಿಕೆಯ ಶಾಸ್ತ್ರ

ಈ ನೋಟಕ್ಕೆ ಹೆಸರೇನು? ಶರಣರು ಅದನ್ನು ಅನುಭಾವ ಎಂದರು. ಅನುಭವ ಎಂಬುದು ಎಲ್ಲರಿಗೂ ಆಗುವಂಥದು. ಬಿಸಿಲು, ಹಸಿವು, ಪ್ರೀತಿ, ಜ್ವರ ಎಲ್ಲವೂ ಅನುಭವಗಳೇ. ಆಗುತ್ತಿರುವ ಅನುಭವದ ಒಳಹೊಕ್ಕು, ಅದು ಹೇಗೆ ಆಗುತ್ತಿದೆ, ಯಾರಿಗೆ ಆಗುತ್ತಿದೆ ಎಂದು ಎಚ್ಚರದಿಂದ ಕಂಡುಕೊಳ್ಳುವುದು ಅನುಭಾವ. ಇಂಗ್ಲಿಷಿನ ಮಿಸ್ಟಿಸಿಸಂ ಎಂಬ ಪದವನ್ನು ಇದಕ್ಕೆ ಸಮವೆಂದು ಬಳಸುವ ರೂಢಿ ಬೆಳೆದಿದೆ. ಆ ಪದದಲ್ಲಿ ಗುಟ್ಟಿನ, ಮಬ್ಬಿನ ಛಾಯೆ ಹೆಚ್ಚು. ಅಲ್ಲಮನಲ್ಲಿ ಮಬ್ಬಿಗಿಂತ ತೀಕ್ಷ್ಣತೆಯೇ ಎದ್ದು ಕಾಣುತ್ತದೆ.

ಏಳುನೂರಕ್ಕೂ ಹೆಚ್ಚು ವರ್ಷಗಳ ಅನಂತರ ಯೂರೋಪಿನಲ್ಲಿ ಇದಕ್ಕೆ ಹತ್ತಿರದ ಪ್ರಯತ್ನವೊಂದು ನಡೆಯಿತು. ಅದರ ಹೆಸರು ಫಿನಾಮಿನಾಲಜಿ. ಗ್ರೀಕ್ ಮೂಲದ ಈ ಪದವನ್ನು ಕನ್ನಡದಲ್ಲಿ ತೋರಿಕೆಯ ಶಾಸ್ತ್ರ ಎಂದು ಕರೆಯಬಹುದು. ಇಲ್ಲಿ ತೋರಿಕೆ ಎಂದರೆ ಸೋಗು ಅಲ್ಲ, ತನ್ನನ್ನು ತಾನೇ ತೋರಿಕೊಳ್ಳುವಂಥದು. ಈ ಮಾರ್ಗವನ್ನು ಹಾಕಿದವನು ಮೊರಾವಿಯಾದಲ್ಲಿ 1859ರಲ್ಲಿ ಹುಟ್ಟಿದ ಎಡ್ಮಂಡ್ ಹುಸರ್ಲ್. ಮೂಲತಃ ಗಣಿತದ ವಿದ್ಯಾರ್ಥಿ. ತರ್ಕವನ್ನು ಕುರಿತ ಅವನ ಬೃಹದ್ಗ್ರಂಥವು 1900 ಮತ್ತು 1901ರಲ್ಲಿ ಎರಡು ಭಾಗಗಳಲ್ಲಿ ಹೊರಬಂತು.

ಹುಸರ್ಲನ ಮಾತು ಕಷ್ಟ, ಆದರೆ ಅದರ ತಿರುಳು ಕಷ್ಟವಲ್ಲ. ಜ್ವರವನ್ನೇ ತೆಗೆದುಕೊಳ್ಳೋಣ. ವೈದ್ಯರ ಪಾಲಿಗೆ ಜ್ವರವೆಂದರೆ ಥರ್ಮಾಮೀಟರಿನ 102 ಡಿಗ್ರಿ. ಮಲಗಿರುವವನ ಪಾಲಿಗೆ ಹಾಗಲ್ಲ. ಕಂಬಳಿ ಭಾರವಾಗುತ್ತದೆ, ಬಾಗಿಲು ದೂರ ಸರಿಯುತ್ತದೆ, ಮಧ್ಯಾಹ್ನ ಮುಗಿಯುವುದೇ ಇಲ್ಲ. ಈ ಎರಡನೆಯದು ಸುಳ್ಳಲ್ಲ, ಭ್ರಮೆಯೂ ಅಲ್ಲ. ಅದಕ್ಕೆ ತನ್ನದೇ ಆದ ರಚನೆಯಿದೆ. ಜ್ವರದ ಕಾರಣವೇನು, ಹೊರಗಿನ ಲೋಕ ನಿಜಕ್ಕೂ ಹೇಗಿದೆ ಎಂಬ ತೀರ್ಮಾನಗಳನ್ನು ಅಲ್ಲಗಳೆಯದೆ, ಒಪ್ಪದೆ, ಸ್ವಲ್ಪ ಹೊತ್ತು ಕಂಸದೊಳಗೆ ಇರಿಸಿ, ಅನುಭವವನ್ನು ಅದು ಒದಗಿಬಂದ ರೀತಿಯಲ್ಲಿಯೇ ವಿವರಿಸಬೇಕು ಎಂಬುದು ಹುಸರ್ಲನ ಪಟ್ಟು. ಈ ತಡೆಹಿಡಿಯುವಿಕೆಗೆ ಅವನು ಪ್ರಾಚೀನ ಗ್ರೀಕ್ ಸಂಶಯವಾದಿಗಳ ಪದವೊಂದನ್ನು ಬಳಸಿ ಎಪೊಖೆ ಎಂದು ಕರೆದ. ಅರಿವು ಎಂಬುದು ಯಾವಾಗಲೂ ಯಾವುದೋ ಒಂದರ ಅರಿವಾಗಿರುತ್ತದೆ, ಖಾಲಿ ಪಾತ್ರೆಯಂತೆ ಸುಮ್ಮನೆ ಬಿದ್ದಿರುವುದಿಲ್ಲ ಎಂಬುದು ಅವನ ಇನ್ನೊಂದು ಮುಖ್ಯ ವಿಚಾರ.

ಮದ್ದಳೆಗಾರನಿಗೆ ಮೆಚ್ಚಿಗೆಯಾಗುವ ವಿಚಾರವೂ ಹುಸರ್ಲನಲ್ಲಿದೆ. ಕಾಲದ ಅನುಭವವನ್ನು ಕುರಿತು 1905ರಲ್ಲಿ ನೀಡಿದ ಉಪನ್ಯಾಸಗಳಲ್ಲಿ ಅವನು ಆರಿಸಿಕೊಂಡ ಉದಾಹರಣೆ ಸಂಗೀತದ್ದು. ರಾಗವನ್ನು ಕೇಳುವಾಗ ಕಿವಿಗೆ ಬೀಳುವುದು ಈ ಕ್ಷಣದ ಒಂದು ಸ್ವರ ಮಾತ್ರ. ಆದರೂ ನಾವು ಬಿಡಿಬಿಡಿ ಸ್ವರಗಳನ್ನು ಕೇಳುವುದಿಲ್ಲ, ರಾಗವನ್ನು ಕೇಳುತ್ತೇವೆ. ಈಗಷ್ಟೇ ಮರೆಯಾದ ಸ್ವರ ಇನ್ನೂ ಹಿಡಿತದಲ್ಲಿರುತ್ತದೆ, ಬರಲಿರುವ ಸ್ವರದ ನಿರೀಕ್ಷೆ ಆಗಲೇ ಮೂಡಿರುತ್ತದೆ. ತಾಳದ ಮುಂದಿನ ಪೆಟ್ಟಿಗೆ ಕೈಯೆತ್ತುವ ಮದ್ದಳೆಗಾರನಿಗೆ ಇದು ಪುಸ್ತಕದ ಪಾಠವಲ್ಲ, ಬೆರಳಿನ ಅರಿವು.

ಹುಸರ್ಲನ ಹಾದಿಯಲ್ಲಿ ನಡೆದವರು ಅವನಿಗಿಂತ ಬೇರೆಯಾಗಿ ಯೋಚಿಸಿದರು. ಹೈಡೆಗ್ಗರ್ 1927ರಲ್ಲಿ ಮನುಷ್ಯನ ಇರವನ್ನೇ, ಅದರೊಳಗಿನ ಸಾವಿನ ಅರಿವನ್ನೇ ಪ್ರಶ್ನೆಯಾಗಿಸಿದ. ಮೆರ್ಲೊ ಪಾಂಟಿ 1945ರಲ್ಲಿ ದೇಹವು ನಮ್ಮ ಬಳಿಯಿರುವ ವಸ್ತುವಲ್ಲ, ಲೋಕವನ್ನು ಪಡೆಯುವ ನಮ್ಮ ದಾರಿ ಎಂದು ವಾದಿಸಿದ. ಇವರ ನಡುವೆ 1943ರಲ್ಲಿ ಸಾರ್ತ್ರ್ ಕೊಟ್ಟ ಉದಾಹರಣೆಯೊಂದು ಪ್ರಸಿದ್ಧವಾಗಿದೆ. ಕೆಫೆಯೊಂದರಲ್ಲಿ ಗೆಳೆಯನನ್ನು ಹುಡುಕುತ್ತ ಹೋದವನಿಗೆ ಅಲ್ಲಿನ ಮೇಜು, ಕುರ್ಚಿ, ಜನ ಎಲ್ಲವೂ ಹಿನ್ನೆಲೆಗೆ ಸರಿದು ಗೆಳೆಯನ ಗೈರುಹಾಜರಿಯೇ ಕಣ್ಣಿಗೆ ಹೊಡೆಯುತ್ತದೆ. ಪ್ಯಾರಿಸಿನ ಕೆಫೆಗೂ ಬಳ್ಳಿಗಾವಿಯ ತೋಪಿಗೂ ಇಲ್ಲಿ ಅಷ್ಟೇನೂ ದೂರವಿಲ್ಲ.

ಆದರೆ ಅಲ್ಲಮನನ್ನು ಹುಸರ್ಲನ ಪೂರ್ವಜನೆಂದು ಕರೆದು ಹೆಮ್ಮೆಪಡುವುದು ಆತುರದ ಮಾತಾದೀತು. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು ಎನ್ನುವ ಚಪಲ ಇಬ್ಬರಿಗೂ ನ್ಯಾಯ ಮಾಡುವುದಿಲ್ಲ. ಹುಸರ್ಲನು ಅನುಭವವನ್ನು ವಿವರಿಸಿ ಗಟ್ಟಿಯಾದ ಒಂದು ಶಾಸ್ತ್ರವನ್ನು ಕಟ್ಟಬಯಸಿದ. 1938ರಲ್ಲಿ ತೀರಿಕೊಂಡಾಗ ಅವನು ಬಿಟ್ಟುಹೋದ ಶೀಘ್ರಲಿಪಿಯ ಹಸ್ತಪ್ರತಿಗಳು ಸುಮಾರು 40,000 ಪುಟಗಳಷ್ಟಿದ್ದವು. ನಾಜಿಗಳ ಕಣ್ಣು ತಪ್ಪಿಸಿ ಅವನ್ನು ಬೆಲ್ಜಿಯಂಗೆ ಸಾಗಿಸಬೇಕಾಯಿತು. ಅಲ್ಲಮನಿಗೆ ಕಟ್ಟುವುದರಲ್ಲಿ ಆಸಕ್ತಿ ಇರಲಿಲ್ಲ. ನೋಡುವವನು, ನೋಟ, ನೋಡಲ್ಪಟ್ಟದ್ದು ಎಂಬ ಮೂರೂ ಕರಗುವ ಕಡೆಗೆ ಅವನ ಮುಖ. ಆ ನೆಲೆಯನ್ನು ಅವನು ಬಯಲು ಎಂದ. ಹೆಜ್ಜೆಯ ಗುರುತನ್ನೂ ಉಳಿಸದೆ ಹೋಗುವುದು ಅವನ ಆದರ್ಶ. ಅನುಭವವನ್ನು ಅದರ ಮೇಲೆ ಹೇರಿದ ಹೆಸರುಗಳಿಂದ ಬಿಡಿಸಿ ನೋಡಬೇಕೆಂಬ ಹಟದಲ್ಲಿ ಇಬ್ಬರೂ ಸಮೀಪದವರು. ನೋಡಿದ ಮೇಲೆ ಏನು ಎಂಬಲ್ಲಿ ದಾರಿಗಳು ಕವಲೊಡೆಯುತ್ತವೆ.

ಹುಸರ್ಲನಿಗೆ ಭಾರತದ ಪರಿಚಯ ತೀರ ಇಲ್ಲದಿರಲಿಲ್ಲ. ಬುದ್ಧನ ಉಪದೇಶಗಳ ಜರ್ಮನ್ ಅನುವಾದವನ್ನು ಓದಿ 1925ರಲ್ಲಿ ಅವನೊಂದು ಚಿಕ್ಕ ಮೆಚ್ಚುಗೆಯ ಬರಹವನ್ನು ಪ್ರಕಟಿಸಿದ್ದ. ಒಡಿಶಾ ಮೂಲದ ತತ್ತ್ವಜ್ಞಾನಿ ಜೆ. ಎನ್. ಮೊಹಂತಿ (1928-2023) ಹುಸರ್ಲನ ವಿಚಾರಗಳನ್ನೂ ಭಾರತೀಯ ದರ್ಶನಗಳನ್ನೂ ಎದುರುಬದುರು ಕೂರಿಸಿ ಹಲವು ದಶಕಗಳ ಕಾಲ ಬರೆದರು. ವಚನಗಳನ್ನು ಎದುರಿಗಿಟ್ಟುಕೊಂಡು ಅಂಥದೇ ಕೆಲಸ ಕನ್ನಡದಲ್ಲಿ ವಿಸ್ತಾರವಾಗಿ ನಡೆಯಬೇಕಾಗಿದೆ.

ಮುಕ್ತಾಯಕ್ಕನ ಪ್ರಶ್ನೆ

ಅನಿಮಿಷನಿಂದ ಲಿಂಗವನ್ನು ಪಡೆದ ಅಲ್ಲಮನು ಬಳ್ಳಿಗಾವಿಯಲ್ಲಿ ನಿಲ್ಲಲಿಲ್ಲ. ಅವನ ಮುಂದಿನ ಬದುಕನ್ನು ಹೇಳುವ ಮುಖ್ಯ ಗ್ರಂಥ ಶೂನ್ಯಸಂಪಾದನೆ. ವಿಜಯನಗರದ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿ ಇದನ್ನು ಮೊದಲು ರಚಿಸಿದ. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಇವರು ಅದನ್ನು ಪರಿಷ್ಕರಿಸಿದರು. ಇದು ಇತಿಹಾಸದ ದಾಖಲೆಯಲ್ಲ. ಮುನ್ನೂರು ವರ್ಷಗಳಷ್ಟು ಹಿಂದಿನ ಮಾತುಗಳನ್ನು ಎದುರುಬದುರು ಇರಿಸಿ ಕಟ್ಟಿದ ವಿಚಾರನಾಟಕ. ಆದರೆ ಅಲ್ಲಮನ ವಿಧಾನವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ.

ಅದರ ಮೊದಲ ದೊಡ್ಡ ಸಂವಾದ ಮುಕ್ತಾಯಕ್ಕನೊಂದಿಗಿನದು. ಮುಕ್ತಾಯಕ್ಕನ ಅಣ್ಣ ಅಜಗಣ್ಣ. ತನ್ನ ಭಕ್ತಿಯನ್ನು ಯಾರಿಗೂ ತೋರಗೊಡದೆ ಬಾಳಿದವನು. ಅವನೇ ಅವಳಿಗೆ ಗುರು ಕೂಡ. ಅವನು ತೀರಿಕೊಂಡಾಗ ಅವಳು ದುಃಖದಲ್ಲಿ ಮುಳುಗಿದ್ದಾಳೆ. ಅಲ್ಲಿಗೆ ಅಲ್ಲಮ ಬರುತ್ತಾನೆ. ಇದನ್ನು ಹರಿಹರನ ರಗಳೆಯ ಜೊತೆಗಿರಿಸಿ ಓದಿದರೆ ಸನ್ನಿವೇಶದ ಕಾವು ಹೆಚ್ಚುತ್ತದೆ. ಹೆಂಡತಿಯನ್ನು ಕಳೆದುಕೊಂಡು ಅಲೆದವನು ಈಗ ಅಣ್ಣನನ್ನು ಕಳೆದುಕೊಂಡವಳ ಎದುರು ನಿಂತಿದ್ದಾನೆ!

ಅವನು ಸಾಂತ್ವನ ಹೇಳುವುದಿಲ್ಲ. ಅಳುತ್ತಿರುವುದು ಯಾರಿಗಾಗಿ, ಹೋದದ್ದು ಏನು, ಉಳಿದದ್ದು ಏನು ಎಂದು ವಿಚಾರಿಸುತ್ತಾನೆ. ಅವಳು ಬಗ್ಗುವವಳಲ್ಲ. ಅರಿತವನು ಮಾತಾಡಬಹುದೇ ಎಂದು ತಿರುಗಿ ಪ್ರಶ್ನಿಸುತ್ತಾಳೆ. ತನ್ನ ಅಣ್ಣ ಅರಿವನ್ನು ಮಾತಿಗೆ ಹಾಕದೆ ನುಂಗಿಕೊಂಡಿದ್ದ, ಇಷ್ಟೊಂದು ನುಡಿಯುವ ನಿನ್ನೊಳಗೆ ಇನ್ನೂ ನುಡಿಯುವವನು ಉಳಿದಿದ್ದಾನಲ್ಲ ಎಂಬುದು ಅವಳ ಆಕ್ಷೇಪದ ಸಾರ. ಅಲ್ಲಮನ ಇಡೀ ಬಾಳಿನಲ್ಲಿ ಅವನಿಗೆ ಎದುರಾದ ಅತ್ಯಂತ ಕಠಿಣ ಪ್ರಶ್ನೆ ಇದು. ಇದನ್ನು ಕೇಳಿದವಳು ಒಬ್ಬ ದುಃಖಿತ ಹೆಣ್ಣುಮಗಳು ಎಂಬುದನ್ನು ಮರೆಯಬಾರದು.

ಅನುಭವವನ್ನು ಕುರಿತು ಯೋಚಿಸುವ ಯಾರೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು. ಮಾತಿಗೆ ಬಂದ ಕೂಡಲೇ ಅನುಭವ ಬೇರೊಂದಾಗುತ್ತದೆ, ಮಾತಿಗೆ ತಾರದಿದ್ದರೆ ಇನ್ನೊಬ್ಬರಿಗೆ ತಲುಪುವುದಿಲ್ಲ. ಅಲ್ಲಮನು ಕಂಡುಕೊಂಡ ದಾರಿ ವಿಲಕ್ಷಣವಾದುದು. ಅವನು ಮಾತನ್ನು ಬಿಡಲಿಲ್ಲ, ಮಾತನ್ನೇ ತಿರುಗುಮುರುಗಾಗಿಸಿದ. ಬೆಡಗಿನ ವಚನಗಳೆಂದು ಹೆಸರಾದ ಅವನ ಒಗಟಿನಂಥ ರಚನೆಗಳಲ್ಲಿ ಕಾರಣಕ್ಕೆ ಮೊದಲೇ ಕಾರ್ಯ ನಡೆದುಹೋಗುತ್ತದೆ, ಬೇಟೆಯೇ ಬೇಟೆಗಾರನನ್ನು ಅಟ್ಟುತ್ತದೆ. ಓದುಗನ ರೂಢಿಯ ಬುದ್ಧಿ ಅಲ್ಲಿ ಮುಗ್ಗರಿಸುತ್ತದೆ. ಹುಸರ್ಲನು ಕಂಸ ಹಾಕಿ ಸಾಧಿಸಬಯಸಿದ್ದನ್ನು ಅಲ್ಲಮನು ಒಗಟು ಹಾಕಿ ಸಾಧಿಸಿದನೇನೋ. ಬೆಡಗಿಗೆ ಟೀಕೆ ಬರೆದು ಪ್ರತಿ ಪದಕ್ಕೂ ಇದೇ ಅರ್ಥವೆಂದು ನಿಗದಿಪಡಿಸಿದ ಹಳೆಯ ವ್ಯಾಖ್ಯಾನಕಾರರ ಶ್ರಮ ದೊಡ್ಡದು. ಆದರೆ ಆ ಕೀಲಿಕೈಗಳು ಕೆಲವೊಮ್ಮೆ ಬಾಗಿಲನ್ನು ತೆರೆಯುವುದಕ್ಕಿಂತ ಮುಚ್ಚಿದ್ದೇ ಹೆಚ್ಚು.

ಮುಂದೆ ಸೊನ್ನಲಿಗೆ. ಇಂದಿನ ಸೊಲ್ಲಾಪುರ. ಅಲ್ಲಿ ಸಿದ್ಧರಾಮನು ನೂರಾರು ಜನರನ್ನು ಕಟ್ಟಿಕೊಂಡು ಕೆರೆ ತೋಡಿಸುತ್ತಿದ್ದ, ಗುಡಿ ಕಟ್ಟಿಸುತ್ತಿದ್ದ. ಅಲ್ಲಮನು ಅವನನ್ನು ಮಣ್ಣು ಅಗೆಯುವ ಒಡ್ಡನೆಂದು ಕರೆದು ಕೆಣಕಿದ. ಜನ ಸಿಟ್ಟಿಗೆದ್ದು ಕಲ್ಲು ತೂರಿದರು. ಕೆರೆ ಕಟ್ಟುವುದು ತಪ್ಪೆಂದಲ್ಲ, ಕಟ್ಟುವವನು ತಾನು ಯಾರೆಂಬುದನ್ನು ನೋಡದೆ ಪುಣ್ಯದ ಲೆಕ್ಕದಲ್ಲಿ ಮುಳುಗಿದ್ದಾನೆ ಎಂಬುದು ಅಲ್ಲಮನ ತಕರಾರು. ಕೆರೆಗಳನ್ನೇ ನಂಬಿ ಬಾಳಿದ ನಾಡಿನಿಂದ ಹೋದವನು ಹಾಗೆ ಕೆಣಕಿದ್ದು ಸ್ವಲ್ಪ ಒರಟಾಯಿತೆಂದು ಇಂದಿನವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಸಿದ್ಧರಾಮನಂತೂ ಅವನ ಜೊತೆಗೆ ಕಲ್ಯಾಣಕ್ಕೆ ಹೊರಟ.

ಗೋರಕ್ಷನ ಪ್ರಸಂಗ ಇನ್ನೊಂದು ಬಗೆಯದು. ಯೋಗಸಾಧನೆಯಿಂದ ದೇಹವನ್ನು ವಜ್ರದಂತೆ ಮಾಡಿಕೊಂಡವನು ಗೋರಕ್ಷ. ಅವನಿಗೆ ಹೊಡೆದ ಕತ್ತಿ ಠಣ್ಣೆಂದು ಸದ್ದು ಮಾಡಿತು. ಅಲ್ಲಮನಿಗೆ ಬೀಸಿದ ಕತ್ತಿ ಗಾಳಿಯಲ್ಲಿ ಹಾಯ್ದಂತೆ ಹಾಯ್ದುಹೋಯಿತು. ಪವಾಡವೆಂದು ಕೈಮುಗಿಯುವವರು ಮುಗಿಯಲಿ. ದೇಹವನ್ನು ಗಟ್ಟಿಗೊಳಿಸಿ ಸಾವನ್ನು ಗೆಲ್ಲುವ ಹಂಬಲಕ್ಕೂ, ದೇಹ ನನ್ನದು ಎಂಬ ಹಿಡಿತವನ್ನೇ ಬಿಡುವುದಕ್ಕೂ ಇರುವ ವ್ಯತ್ಯಾಸವನ್ನು ಇಷ್ಟು ಸರಳವಾಗಿ ತೋರಿಸಿದ ಕಥೆ ಮಾತ್ರ ಅಪರೂಪ.

ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನು ಶರಣರ ಬಳಗವನ್ನು ಕಟ್ಟಿದ್ದ. ಅಲ್ಲಿನ ಅನುಭವಗೋಷ್ಠಿಗೆ ಅಲ್ಲಮನೇ ಅಧ್ಯಕ್ಷ, ಅವನು ಕುಳಿತದ್ದು ಶೂನ್ಯಸಿಂಹಾಸನ ಎಂಬುದು ಪರಂಪರೆಯ ನಂಬಿಕೆ. ಅನುಭವಮಂಟಪವು ಒಂದು ಕಟ್ಟಡವಾಗಿತ್ತೇ ಎಂಬುದನ್ನು ಕುರಿತು ವಿದ್ವಾಂಸರಲ್ಲಿ ವಾದವಿದೆ. ಸಭೆಯೊಂದಕ್ಕೆ ಅನುಭವದ ಹೆಸರನ್ನೇ ಇಟ್ಟರು ಎಂಬುದು ಅದಕ್ಕಿಂತ ಮುಖ್ಯ. ಕುಲ, ಕಸುಬು, ಓದುಗಳ ಅರ್ಹತೆಯನ್ನು ಕೇಳದೆ, ಏನನ್ನು ಕಂಡುಕೊಂಡೆ ಎಂಬುದೊಂದನ್ನೇ ಕೇಳುವ ಸಭೆ. ಅಂಬಿಗನಿಗೂ ಮಾದಾರನಿಗೂ ಅಲ್ಲಿ ಮಾತಿತ್ತು. ಕೋಡಿಯ ಮಠದ ಶಾಸನದಲ್ಲಿ ಅನ್ನ ಪಡೆಯುವವರ ಪಟ್ಟಿ ಬೇರೆ, ವ್ಯಾಖ್ಯಾನಗೊಳ್ಳುವ ಶಾಸ್ತ್ರಗಳ ಪಟ್ಟಿ ಬೇರೆ. ಕಲ್ಯಾಣದಲ್ಲಿ ಆ ಎರಡು ಪಟ್ಟಿಗಳು ಒಂದಾದವು.

ಅಕ್ಕಮಹಾದೇವಿ ಆ ಸಭೆಗೆ ಬಂದಾಗ ಅವಳನ್ನು ಎಲ್ಲರೆದುರು ಪರೀಕ್ಷಿಸಿದವನೂ ಅಲ್ಲಮನೇ. ಅವಳ ಊರು ಉಡುತಡಿ, ಅದೂ ಶಿಕಾರಿಪುರ ಸೀಮೆಯದೇ. ಒಂದೇ ನೆಲದ ಇಬ್ಬರು ನೂರಾರು ಮೈಲಿ ದೂರದ ಪಟ್ಟಣದಲ್ಲಿ ಎದುರಾದರು. ಗಂಡನ ಬಗೆಗೆ, ಬಟ್ಟೆಯನ್ನು ತೊರೆದವಳು ಕೂದಲಿನಿಂದ ಮೈಮುಚ್ಚಿಕೊಂಡಿರುವುದರ ಬಗೆಗೆ ಅವನು ಕೇಳಿದ ಪ್ರಶ್ನೆಗಳು ನಿರ್ದಯವಾದವು. ಅವಳು ಅಳುಕಲಿಲ್ಲ. ಕೊನೆಗೆ ಅವನೇ ಅವಳ ನಿಲವನ್ನು ಕೊಂಡಾಡಿದ.

ಬನವಾಸಿಯ ಮಾಯೆ

ಅಲ್ಲಮನ ಬಾಳಿಗೆ ಇನ್ನೊಂದು ಪಾಠವಿದೆ. ಅದು ಚಾಮರಸನ ಪ್ರಭುಲಿಂಗಲೀಲೆ. ಹದಿನೈದನೆಯ ಶತಮಾನದ, ಭಾಮಿನಿ ಷಟ್ಪದಿಯ ಈ ಕಾವ್ಯ ಬಹಳ ಜನಪ್ರಿಯವಾಯಿತು. ತೆಲುಗು, ತಮಿಳುಗಳಿಗೂ ಹೋಯಿತು. ಇಲ್ಲಿ ತಂದೆತಾಯಿಗಳ ಹೆಸರು ನಿರಹಂಕಾರ ಮತ್ತು ಸುಜ್ಞಾನಿ. ಹೆಸರುಗಳೇ ಹೇಳುವಂತೆ ಇದು ರೂಪಕದ ಲೋಕ. ಕಥೆಯ ನೆಲೆಯೂ ಬಳ್ಳಿಗಾವಿಯಿಂದ ಬನವಾಸಿಗೆ ಸರಿಯುತ್ತದೆ. ಅಲ್ಲಿ ಮಮಕಾರನೆಂಬ ಅರಸ. ಅವನ ಮಗಳಾಗಿ ಹುಟ್ಟಿ ಬಂದವಳು ಮಾಯೆ. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮನು ಮದ್ದಳೆ ಬಾರಿಸುತ್ತಾನೆ, ಮಾಯೆ ಮೋಹಗೊಳ್ಳುತ್ತಾಳೆ. ಅವನು ಅವಳ ಕೈಗೆ ಸಿಗುವುದಿಲ್ಲ. ಸೋಲುವವಳು ಅವಳು. ಅವನಿಗೆ ಮೋಹವೂ ಇಲ್ಲ, ನೋವೂ ಇಲ್ಲ.

ಬಳ್ಳಿಗಾವಿಯಿಂದ ಬನವಾಸಿಗೆ ಹೋಗುವವರು ಸೊರಬ ತಾಲ್ಲೂಕನ್ನು ಹಾದು ಹೋಗಬೇಕು. ಆನವಟ್ಟಿ, ಕೈಟಭೇಶ್ವರ ದೇವಾಲಯದ ಕುಬಟೂರು, ಆಮೇಲೆ ವರದಾ ನದಿಯ ಬಯಲು. ದಾರಿ ದೂರದ್ದೇನೂ ಅಲ್ಲ. ಆದರೆ ಅಲ್ಲಮನ ಕಥೆಯಲ್ಲಿ ಈ ದಾರಿ ಬಹಳ ಉದ್ದವಾದುದು. ಈ ತುದಿಯಲ್ಲಿ ಹೆಂಡತಿಯನ್ನು ಕಳೆದುಕೊಂಡು ಹುಚ್ಚನಾದ ಮನುಷ್ಯ, ಆ ತುದಿಯಲ್ಲಿ ಯಾವುದೂ ತಾಕದ ದೇವರು.

ಭಕ್ತರಿಗೆ ಎರಡನೆಯವನು ಹೆಚ್ಚು ಒಪ್ಪಿತನಾದ. ಅದು ಸಹಜ. ನೋವಿಗೆ ಒಳಗಾದ ಗುರುವಿಗಿಂತ ನೋವನ್ನೇ ಅರಿಯದ ಗುರು ಎತ್ತರದವನಾಗಿ ಕಾಣುತ್ತಾನೆ. ಚಾಮರಸನ ಕಾವ್ಯಶಕ್ತಿಯ ಬಗೆಗೂ ಎರಡು ಮಾತಿಲ್ಲ. ಆದರೆ ಈ ಬದಲಾವಣೆಯಲ್ಲಿ ಕಳೆದುಹೋದದ್ದು ಸಣ್ಣದಲ್ಲ. ಅನುಭವಕ್ಕೇ ಒಳಗಾಗದವನು ಅನುಭವದ ಪರೀಕ್ಷಕನಾಗುವುದು ಹೇಗೆ? ಮಾಯೆಯನ್ನು ದೂರದಿಂದಲೇ ಗೆದ್ದವನಿಗೆ ಮುಕ್ತಾಯಕ್ಕನ ಅಳಲು ಕೇಳಿಸುವುದು ಹೇಗೆ? ಹೆಣ್ಣು, ಹೊನ್ನು, ಮಣ್ಣುಗಳನ್ನು ಮಾಯೆಯೆಂದು ಹಳಿಯುವ ರೂಢಿಯನ್ನು ವಚನಗಳ ಅಲ್ಲಮನೇ ಪ್ರಶ್ನಿಸಿದ್ದಾನೆ. ಅವನ ಪ್ರಕಾರ ಮಾಯೆ ಹೊರಗಿನ ವಸ್ತುವಿನಲ್ಲಿಲ್ಲ, ಮನಸ್ಸಿನ ಆಸೆಯಲ್ಲಿದೆ. ಹಾಗೆಂದವನ ಕಥೆಯಲ್ಲಿಯೇ ಕಮಲತೆ ಅಳಿಸಿಹೋಗಿ ಅವಳ ಜಾಗದಲ್ಲಿ ಮಾಯೆ ಎಂಬ ಹೆಸರಿನ ಹೆಣ್ಣು ಬಂದು ನಿಂತದ್ದು ವಿಪರ್ಯಾಸ.

ಆಧುನಿಕ ಕಾಲದಲ್ಲಿ ಹರಿಹರನ ಅಲ್ಲಮನಿಗೆ ಮತ್ತೆ ಓದುಗರು ದೊರೆತರು. ಎ. ಕೆ. ರಾಮಾನುಜನ್ 1973ರಲ್ಲಿ ಪ್ರಕಟಿಸಿದ ವಚನಗಳ ಇಂಗ್ಲಿಷ್ ಅನುವಾದದಲ್ಲಿ ಅಲ್ಲಮನನ್ನು ಪರಿಚಯಿಸುವಾಗ ಕಮಲತೆಯ ಕಥೆಯನ್ನೂ ಹೇಳಿದರು. ಡಿ. ಆರ್. ನಾಗರಾಜ್ ಅವರ ಅಲ್ಲಮಪ್ರಭು ಮತ್ತು ಶೈವಪ್ರತಿಭೆ ಎಂಬ ಮಹತ್ತ್ವದ ಗ್ರಂಥವು 1999ರಲ್ಲಿ, ಅವರು ತೀರಿಕೊಂಡ ಮರುವರ್ಷ, ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಿಂದ ಪ್ರಕಟವಾಯಿತು. ಅಲ್ಲಮನನ್ನು ಒಂದೇ ಮತದ ಚೌಕಟ್ಟಿನೊಳಗೆ ಕೂರಿಸದೆ, ಭಾರತದ ಹಲವು ಶೈವ, ಬೌದ್ಧ, ತಾಂತ್ರಿಕ ಚಿಂತನೆಗಳ ನಡುವೆ ಇರಿಸಿ ಓದಿದ ಕೃತಿ ಅದು. ಬಳ್ಳಿಗಾವಿಯ ಶಾಸನಗಳನ್ನು ಓದಿದವರಿಗೆ ಆ ನಡುವೆ ಎಂಬುದು ಎಂಥ ಜಾಗವೆಂದು ವಿವರಿಸಬೇಕಾಗಿಲ್ಲ.

ಕಲ್ಯಾಣದ ಬದುಕು ಹೆಚ್ಚು ಕಾಲ ನಡೆಯಲಿಲ್ಲ. 1167-68ರ ಹೊತ್ತಿಗೆ ಅಲ್ಲಿ ಕ್ಷೋಭೆಯೆದ್ದು ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿಹೋದರು. ಅಷ್ಟರಲ್ಲಿ ಅಲ್ಲಮನು ಶೂನ್ಯಸಿಂಹಾಸನವನ್ನು ಬಿಟ್ಟು ಶ್ರೀಶೈಲದ ಕಡೆಗೆ ನಡೆದಿದ್ದ. ಅಲ್ಲಿನ ಕದಳಿಯಲ್ಲಿ ಅವನು ಬಯಲಾದನೆಂದು ಪರಂಪರೆ ನಂಬುತ್ತದೆ. ಅಕ್ಕಮಹಾದೇವಿ ಐಕ್ಯಳಾದದ್ದೂ ಅದೇ ಕದಳಿಯಲ್ಲಿ ಎಂದು ನಂಬಿಕೆ.

ಬದುಕಿನುದ್ದಕ್ಕೂ ಊರುಗಳನ್ನು, ಪೀಠಗಳನ್ನು, ಮಾತುಗಳನ್ನು ಬಿಡುತ್ತಲೇ ಹೋದ ಅಲ್ಲಮನು ಅಂಕಿತವೊಂದನ್ನು ಮಾತ್ರ ಬಿಡಲಿಲ್ಲ. ಗುಹೇಶ್ವರ ಎಂದರೆ ಗುಹೆಯ ಒಡೆಯ. ಹರಿಹರನ ಕಥೆಯನ್ನು ಓದಿ ಬಂದವರಿಗೆ ಆ ಹೆಸರು ಕೇಳಿದಾಗಲೆಲ್ಲ ನೆಲದೊಳಗಿನ ಆ ಕತ್ತಲ ಗುಡಿ, ಒದ್ದು ತೆರೆದ ಬಾಗಿಲು, ರೆಪ್ಪೆ ಬಡಿಯದ ಕಣ್ಣುಗಳು ನೆನಪಾಗುತ್ತವೆ. ಅಲ್ಲಿಗೆ ಅವನನ್ನು ಕರೆದೊಯ್ದದ್ದು ಕಮಲತೆಯ ಜ್ವರ.